ಉಳ್ಳಾಗಡ್ಡಿಗೊಂದು ತಿದ್ದುಪಡಿ ಚೀಟಿ

ಅಣ್ಣಾ ನಗರ್, ಚೆನ್ನೈ
೨೦ ಅಕ್ಟೋಬರ್ ೨೦೦೨

ತೀರ್ಥರೂಪ ಅಪ್ಪನವರಿಗೆ ಶ್ರೀವಿದ್ಯಾಳ ನಮಸ್ಕಾರಗಳು.

ನೀವೂ ಅಮ್ಮನೂ ಅಜಿತಣ್ಣನ ಮನೆಗೆಂದು ಹುಬ್ಬಳ್ಳಿಗೆ ಹೋಗಿ ನಾಲ್ಕು ತಿಂಗಳಾಯಿತು. ಹೊರಡುವಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೀವು ಹಾಕಿದ ಕರಾರು ಮರೆತಿಲ್ಲ. ಫೋನು ಜ್ವರ ಬಂದಾಗ ಮಾತ್ರ, ಮಿಕ್ಕಿದ್ದೆಲ್ಲ ಕಾಗದದಲ್ಲಿ, ಅದೂ ಕನ್ನಡದಲ್ಲಿ. ಆದರೆ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸಬೇಡಿ. ಕಳೆದ ಸಲದ ಕಾಗದವನ್ನು ನಿಮ್ಮ ತಂಗಿ, ನಮ್ಮ ವಾಸಂತಿ ಅತ್ತೆ, ಪಕ್ಕದ ಮನೆಯವರಿಗೂ ತೋರಿಸಿ ನನ್ನ ಮರ್ಯಾದೆ ತೆಗೆದರು.

ದೊಡ್ಡ ಸುದ್ದಿ ಇದೆ. ನಮ್ಮ ಗಿಂಡಿ ಆಫೀಸಿನ ಪರೀಕ್ಷೆಯ ಅವಧಿ ಮುಗಿಯಿತು. ಇಷ್ಟು ದಿನ ಲಿವರ್‌ಪೂಲಿನಲ್ಲಿ ಆಗುತ್ತಿದ್ದ ಕೆಲಸವೆಲ್ಲ ಈ ತಿಂಗಳಿಂದ ಪೂರ್ತಿ ನಮ್ಮದು. ಜಗತ್ತಿನ ಯಾವುದೋ ಬಂದರಿನಲ್ಲಿ ಯಾರೋ ಹಣ್ಣು, ತರಕಾರಿ, ಮೀನು ತುಂಬಿಸಿ ಕಂಟೇನರ್ ಹಡಗಿಗೆ ಏರಿಸುತ್ತಾರೆ. ಅದನ್ನು ದಾರಿಯಲ್ಲಿ ಹೇಗೆ ನೋಡಿಕೊಳ್ಳಬೇಕು, ಎಷ್ಟು ತಂಪಿಡಬೇಕು, ಅದರ ಗಾಳಿಕಿಂಡಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಹಡಗಿನವರಿಗೆ ಹೋಗುವ ಕಾಗದವನ್ನು ನಾವು ನಲವತ್ತು ಜನ ಇಲ್ಲಿ ಕುಳಿತು ತಯಾರಿಸುತ್ತೇವೆ. ತಂಡದ ಮುಖ್ಯಸ್ಥೆ ನಿಮ್ಮ ಮಗಳು.

ಇದನ್ನೆಲ್ಲ ಕಲಿಸಿದವರು ಮಾರ್ಗರೆಟ್ ಎಂಬ ಹೆಂಗಸು. ನೀವು ಹೊರಟ ಮೇಲೆ ಬಂದು, ಮದ್ರಾಸಿನ ಬಿಸಿಲಿಗೆ ಟೊಮೇಟೊದ ಹಾಗೆ ಕೆಂಪಾಗಿ, ಆರು ವಾರ ನಮ್ಮ ಜೊತೆ ಕುಳಿತು ಪಾಠ ಹೇಳಿದರು. ತಮ್ಮ ಕೈಯಾರೆ ಬರೆದ ಮುನ್ನೂರು ಪುಟದ ಕೈಪಿಡಿ ಕೊಟ್ಟರು. ಹೋಗುವ ದಿನ ಅತ್ತರು. ಈ ಸಲದ ಆಯುಧ ಪೂಜೆಯಲ್ಲಿ ಕಂಪ್ಯೂಟರುಗಳ ಜೊತೆ ಆ ನೀಲಿ ರಟ್ಟಿನ ಪುಸ್ತಕಕ್ಕೂ ಗಂಧ ಕುಂಕುಮ ಹಚ್ಚಿದೆವು. ನಮ್ಮ ಮ್ಯಾನೇಜರ್ ಚೊಕ್ಕಲಿಂಗಂ ಅವರು ಅದರ ಮುಂದೆ ತೆಂಗಿನಕಾಯಿ ಒಡೆದರು. ಮಾರ್ಗರೆಟ್ ನೋಡಿದ್ದರೆ ಮತ್ತೆ ಅಳುತ್ತಿದ್ದರು.

ಅಮ್ಮನಿಗೆ ನಮಸ್ಕಾರ. ನನಗೆ ಬಹಳ ಹೆಮ್ಮೆಯಾಗಿದೆ, ನಿಮಗೂ ಆಗಲಿ.

ನಿಮ್ಮ,
ಶ್ರೀವಿದ್ಯಾ

*

ಹುಬ್ಬಳ್ಳಿ
೨೮ ಅಕ್ಟೋಬರ್ ೨೦೦೨

ಚಿ. ಶ್ರೀವಿದ್ಯಾಳಿಗೆ ಆಶೀರ್ವಾದಗಳು.

ಕಾಗದ ತಲುಪಿತು. ತಪ್ಪುಗಳು ಕಡಿಮೆಯಾಗಿವೆ. ಎರಡು ಮಾತ್ರ, ಬಿಟ್ಟಿದ್ದೇನೆ.

ನಿನ್ನ ಅಮ್ಮ ಓಣಿಯಲ್ಲೆಲ್ಲ ಸುದ್ದಿ ಹಂಚಿ ಬಂದಳು. ಮಗಳು ಹಡಗು ನಡೆಸುತ್ತಾಳೆ ಎಂದು ಹೇಳಿದ್ದಾಳಂತೆ. ನಾನು ತಿದ್ದಲಿಲ್ಲ. ಆದರೆ ನಾನೂ ಮದ್ರಾಸಿನಲ್ಲಿ ಒಂದು ಜನ್ಮ ರೈಲ್ವೆ ಗಾರ್ಡುಗಳಿಗೆ ನಿಯಮ ಪಾಠ ಮಾಡಿದ ಮೇಷ್ಟ್ರು, ಆದ್ದರಿಂದ ಒಂದು ಪ್ರಶ್ನೆ ಕೇಳುತ್ತೇನೆ. ಹಡಗು ಅವರದು. ಪುಸ್ತಕ ಅವರದು. ಒಳಗಿರುವ ಮೀನು, ಹಣ್ಣು ಮತ್ತಿನ್ನಾರದೋ. ಇದರಲ್ಲಿ ನಿನ್ನದೇನು? ಅವರು ಹೇಳಿಕೊಟ್ಟದ್ದನ್ನು ಅವರಿಗಿಂತ ಕಡಿಮೆ ಸಂಬಳಕ್ಕೆ ಮಾಡುವುದೇ ಹೆಮ್ಮೆಯಾದರೆ ನನಗೆ ಅದು ಅರ್ಥವಾಗುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡ. ಕೇಳದೆ ಇರಲು ನನಗೆ ಬರುವುದಿಲ್ಲ.

ಪಂಢರಿನಾಥ

*

ಚೆನ್ನೈ
೯ ನವೆಂಬರ್ ೨೦೦೨

ಅಪ್ಪನವರಿಗೆ ನಮಸ್ಕಾರ.

ಬೇಜಾರಾಯಿತು. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಕೂತಾಗಲೂ ನಿಮ್ಮ ಪ್ರಶ್ನೆಯೇ ತಲೆಯಲ್ಲಿತ್ತು. ಅತ್ತೆ ಎಣ್ಣೆ ತಿಕ್ಕುತ್ತಾ, “ನಿಮ್ಮಪ್ಪ ಮೊದಲಿಂದ ಹಿಂಗ. ಹೋಳಿಗಿ ಬಡಿಸಿದ್ರ ಹೂರಣ ಯಾರು ರುಬ್ಬಿದ್ರು ಅಂತ ಕೇಳ್ತಾನ” ಅಂದರು. ಅಷ್ಟರಿಂದ ಸಮಾಧಾನವಾಗಲಿಲ್ಲ. ಆದ್ದರಿಂದ ಉತ್ತರ ಬರೆಯುತ್ತಿದ್ದೇನೆ.

ಇದರಲ್ಲಿ ನನ್ನದೇನು ಎಂದಿರಿ. ನನ್ನದು ಈರುಳ್ಳಿ.

ನಗಬೇಡಿ. ಈರುಳ್ಳಿಯನ್ನು ಹೊಸಿಲು ದಾಟಿಸದ ಮನೆಯಲ್ಲಿ ಬೆಳೆದ ನಾನು ಇವತ್ತು ಅದರಲ್ಲಿ ಪಂಡಿತೆ. ಅತ್ತೆಗೆ ಇದನ್ನು ಹೇಳಹೋದರೆ ಆ ಹೆಸರು ಈ ಮನೆಯಲ್ಲಿ ಎತ್ತಬೇಡವೆಂದರು. ಹಾಗಾಗಿ ನಮ್ಮಿಬ್ಬರ ನಡುವೆ ಅದು ‘ಆ ಪದಾರ್ಥ’.

ಮಾರ್ಗರೆಟ್ ಅವರ ಕೈಪಿಡಿಯಲ್ಲಿ ಒಂದು ನಿಯಮವಿದೆ. ಗಾಳಿಕಿಂಡಿಯ ಬಗ್ಗೆ ಗ್ರಾಹಕ ಏನೂ ಬರೆಯದಿದ್ದರೆ ‘ಮುಚ್ಚಿದೆ’ ಎಂದು ಬರೆಯಬೇಕು. ಈರುಳ್ಳಿ ಕಳಿಸುವವರು ಯಾರೂ ಏನೂ ಬರೆಯುವುದಿಲ್ಲ. ಅದಕ್ಕೆ ಗಾಳಿ ಬೇಕೆಂದು ಯಾರಿಗೆ ಗೊತ್ತಿಲ್ಲ ಎಂದು ಅವರ ಲೆಕ್ಕ. ನಮ್ಮ ತಂಡದ ಅರವಿಂದನ ತಾತನಿಗೆ ಸೌಕಾರ್‌ಪೇಟೆಯ ಹತ್ತಿರ ಕೊತ್ತವಾಲ್ ಚಾವಡಿಯಲ್ಲಿ ಈರುಳ್ಳಿ ಮಂಡಿ ಇತ್ತು. ಆಗಸ್ಟ್‌ನಲ್ಲಿ ಅವನು ಈ ನಿಯಮ ಓದಿ ಬೆಚ್ಚಿಬಿದ್ದ. ಕಿಂಡಿ ಮುಚ್ಚಿ ಕಳಿಸಿದರೆ ಆಚೆ ದಡದಲ್ಲಿ ಬಾಗಿಲು ತೆಗೆಯುವವನು ಮೂಗು ಮುಚ್ಚಿಕೊಂಡು ಓಡುತ್ತಾನೆ ಎಂದ.

ಮಾರ್ಗರೆಟ್ ಅವರೇ ಲಿವರ್‌ಪೂಲಿನಲ್ಲಿ ಮಾಡಿದ ಹಳೆಯ ಕಾಗದಗಳನ್ನು ತೆಗೆದು ನೋಡಿದೆವು. ಈರುಳ್ಳಿ, ಬೆಳ್ಳುಳ್ಳಿ ಎಲ್ಲಿದ್ದರೂ ಕಿಂಡಿ ತೆರೆದೇ ಇತ್ತು. ಅವರ ಕೈಗೆ ಗೊತ್ತಿತ್ತು, ಅವರು ಬರೆದ ಪುಸ್ತಕಕ್ಕೆ ಗೊತ್ತಿರಲಿಲ್ಲ. ಅವತ್ತಿನಿಂದ ನಾವೂ ‘ತೆರೆದಿದೆ’ ಎಂದೇ ಬರೆಯುತ್ತಿದ್ದೇವೆ. ಯಾವ ಕಂಪನಿಯೂ ನಮಗೆ ಇದನ್ನು ಕಲಿಸಲಿಲ್ಲ.

ಅವರಿಗೆ ಹೇಳಲಿಲ್ಲ. ಕಲಿಸಿದವರು ದೊಡ್ಡವರು, ಅಷ್ಟು ಪ್ರೀತಿಯಿಂದ ಬರೆದ ಪುಸ್ತಕ, ಈಗಂತೂ ಅದರ ಮೇಲೆ ಕುಂಕುಮ ಬೇರೆ ಇದೆ. ಅದಕ್ಕೆ ಪೆನ್ನು ತಾಗಿಸಲು ಯಾರಿಗೂ ಕೈ ಬರುವುದಿಲ್ಲ. ಅಮ್ಮನ ಸಾರಿಗೆ ಉಪ್ಪು ಕಡಿಮೆಯಾದಾಗ ಅತ್ತೆ ಅವಳಿಗೆ ಕಾಣದ ಹಾಗೆ ಒಂದು ಚಿಟಿಕೆ ಹಾಕಿಬಿಡುತ್ತಿದ್ದರಲ್ಲ, ನಾವು ಮಾಡಿದ್ದೂ ಅಷ್ಟೇ.

ಈಗ ಹೇಳಿ, ನನ್ನದೇನಿದೆ ಎಂದು.

ಶ್ರೀವಿದ್ಯಾ

*

ಹುಬ್ಬಳ್ಳಿ
೧೬ ನವೆಂಬರ್ ೨೦೦೨

ಚಿ. ಶ್ರೀವಿದ್ಯಾಳಿಗೆ,

ನಿನ್ನ ಕಾಗದ ಓದಿ ಮೊದಲು ಖುಷಿಯಾಯಿತು. ಕೊನೆಗೆ ಬರುವಷ್ಟರಲ್ಲಿ ಹೆದರಿಕೆಯಾಯಿತು. ಉಪ್ಪಿನ ಮಾತು ಅಡುಗೆಮನೆಗೆ ಸರಿ. ಅಲ್ಲಿ ಉಣ್ಣುವವರೂ ಬಡಿಸುವವರೂ ಒಂದೇ ಮನೆಯವರು.

ನನ್ನ ಹಳೆಯ ನಿಯಮ ಪುಸ್ತಕ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ಅದನ್ನು ದಪ್ಪ ಹೊಟ್ಟೆಯ ಪುಸ್ತಕ ಎನ್ನುತ್ತಿದ್ದೆ. ಅದು ಹಾಗೆ ಉಬ್ಬಿದ್ದು ತಿದ್ದುಪಡಿ ಚೀಟಿಗಳಿಂದ. ಯಾವುದೋ ನಿಯಮ ತಪ್ಪಿದೆ, ಅಥವಾ ಬದಲಾಗಿದೆ ಎಂದರೆ ಮೇಲಿನಿಂದ ಅಚ್ಚಾದ ಚೀಟಿ ಬರುತ್ತಿತ್ತು. ಇಂಥ ಪುಟ, ಇಂಥ ಸಾಲು, ಅದರ ಬದಲು ಹೀಗೆ ಓದಿಕೊಳ್ಳುವುದು. ನಾವು ಕತ್ತರಿಸಿ, ಗೋಂದು ಹಚ್ಚಿ, ಆ ಸಾಲಿನ ಮೇಲೆಯೇ ಅಂಟಿಸಿ, ಮೊದಲ ಪುಟದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಪ್ರತಿಯೊಬ್ಬ ಗಾರ್ಡಿನ ಪುಸ್ತಕ ತೆಗೆಸಿ ನೋಡುವುದು ನನ್ನ ಕೆಲಸವಾಗಿತ್ತು.

ಯಾಕೆಂದು ಹೇಳುತ್ತೇನೆ. ಒಂದು ಸಣ್ಣ ಸ್ಟೇಷನ್ನಿನಲ್ಲಿ ಒಂದು ನಿಯಮ ಅಲ್ಲಿಯ ಜಾಗಕ್ಕೆ ಹೊಂದುತ್ತಿರಲಿಲ್ಲ. ಅಲ್ಲಿದ್ದವರೆಲ್ಲರಿಗೂ ಅದು ಗೊತ್ತಿತ್ತು. ಅವರು ತಮ್ಮ ಪಾಡಿಗೆ ಸರಿಯಾದದ್ದನ್ನು ಮಾಡಿಕೊಂಡು ಹೋಗುತ್ತಿದ್ದರು, ಮೇಲಕ್ಕೆ ಬರೆಯಲಿಲ್ಲ. ಒಂದು ದಿನ ಬೇರೆ ಕಡೆಯಿಂದ ಹೊಸ ಗಾರ್ಡು ಬಂದ. ಅವನಿಗೆ ಪುಸ್ತಕ ಬಾಯಿಪಾಠ ಬರುತ್ತಿತ್ತು. ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಮುಂದಿನದನ್ನು ಬರೆಯುವುದಿಲ್ಲ.

ಸರಿಯಾದದ್ದನ್ನು ಕದ್ದು ಮಾಡಬಾರದು. ನಿನ್ನ ಮಾರ್ಗರೆಟ್ ಬಾಯಿಯವರಿಗೆ ಇವತ್ತೇ ಹೇಳು.

ಪಂಢರಿನಾಥ

*

ಹುಬ್ಬಳ್ಳಿ
೨೦ ಡಿಸೆಂಬರ್ ೨೦೦೨
(ಅಂಚೆ ಕಾರ್ಡು)

ಚಿ. ಶ್ರೀವಿದ್ಯಾ, ತಿಂಗಳಾಯಿತು, ಕಾಗದವಿಲ್ಲ. ಫೋನು ಮಾಡೋಣವೆಂದರೆ ನನ್ನದೇ ಕರಾರು ಅಡ್ಡ ಬರುತ್ತದೆ. ಸಿಟ್ಟಿದ್ದರೆ ಇರಲಿ. ಊಟ ಬಿಡಬೇಡ. ನಿನ್ನ ಅಮ್ಮ ಚಟ್ನಿಪುಡಿ ಮಾಡಿಟ್ಟು, ಕಳಿಸಲೋ ಬೇಡವೋ ಎಂದು ದಿನಾ ನನ್ನ ಮುಖ ನೋಡುತ್ತಾಳೆ. ಪಂಢರಿನಾಥ.

*

ಚೆನ್ನೈ
೧೨ ಜನವರಿ ೨೦೦೩

ಅಪ್ಪನವರಿಗೆ ನಮಸ್ಕಾರ.

ಸಿಟ್ಟೇ ಬಂದಿತ್ತು. ಒಂದು ಶಹಭಾಸ್ ಕೇಳಿದರೆ ನೀವು ಪಾಠ ಕಳಿಸಿದಿರಿ. ಕಾಗದವನ್ನು ಮಡಿಸಿ ಬೀರುವಿನಲ್ಲಿ ಇಟ್ಟುಬಿಟ್ಟೆ. ಆದರೆ ಆ ಮೊದಲ ಬೆಂಚಿನ ಹುಡುಗ ಬೀರುವಿನೊಳಗೆ ಕೂರಲಿಲ್ಲ.

ಡಿಸೆಂಬರಿನಲ್ಲಿ ಮೇಲಿನ ಮಹಡಿಗೆ ಹೊಸ ತಂಡವೊಂದು ಸೇರಿತ್ತು. ಅವರಿಗೆ ಪಾಠ ಮಾಡಿದ್ದು ನಾವಲ್ಲ, ಬೇರೆ ತರಬೇತಿಯವರು, ಆ ನೀಲಿ ಪುಸ್ತಕ ಇಟ್ಟುಕೊಂಡು. ಒಂದು ಮಧ್ಯಾಹ್ನ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿ ಮೇಲೆ ಹೋದೆ. ಸುಮತಿ ಎಂಬ ಚುರುಕು ಹುಡುಗಿಯ ಹಿಂದೆ ನಿಂತೆ. ಅವಳ ಮುಂದಿದ್ದದ್ದು ಅಲೆಕ್ಸಾಂಡ್ರಿಯಾದಿಂದ ಇಂಗ್ಲೆಂಡಿಗೆ ಹೊರಟಿದ್ದ ಈರುಳ್ಳಿ. ಕಿಂಡಿ ಮುಚ್ಚಿದೆ ಎಂದು ಬರೆದಿದ್ದಳು. ಯಾಕಮ್ಮಾ ಎಂದು ಕೇಳಿದೆ. ಅವಳು ಪುಸ್ತಕ ನೋಡದೆಯೇ ಪುಟದ ಸಂಖ್ಯೆ ಹೇಳಿದಳು.

ಅಂಥ ಇನ್ನೂ ಕೆಲವು ಕಂಟೇನರುಗಳು ಆಗಲೇ ಹಡಗು ಹತ್ತಿದ್ದವು. ಹಡಗು ಆಗ ಮಾಲ್ಟಾ ಬಂದರಿನಲ್ಲಿತ್ತು. ಅಲ್ಲಿಯ ಏಜೆಂಟನನ್ನು ಫೋನಿನಲ್ಲಿ ಹಿಡಿದು, ಗೋಗರೆದು, ಒಬ್ಬ ಮನುಷ್ಯನನ್ನು ಹಡಗಿಗೆ ಹತ್ತಿಸಿ ಕಿಂಡಿಗಳನ್ನೆಲ್ಲ ತೆರೆಸಿದೆ. ಮಾಲು ಉಳಿಯಿತು.

ಆದರೆ ಹಾಗೆ ಫೋನು ಮಾಡಿದ್ದರಿಂದ ವಿಷಯ ಬಯಲಾಯಿತು. ಲಿವರ್‌ಪೂಲಿನ ಆಡಿಟ್‌ನವರು ನಮ್ಮ ಕಾಗದಗಳನ್ನೆಲ್ಲ ಕೈಪಿಡಿಯ ಜೊತೆ ಹೋಲಿಸಿ ನೋಡಿದರು. ಅವರ ಲೆಕ್ಕದಲ್ಲಿ ಸುಮತಿ ಮಾಡಿದ್ದು ಸರಿ. ನಾವು ಆಗಸ್ಟ್‌ನಿಂದ ಸರಿಪಡಿಸಿದ್ದೆಲ್ಲ ತಪ್ಪು, ಒಂದೊಂದೂ ತಪ್ಪು. ಚೆನ್ನೈನವರು ಹೇಳಿದ್ದನ್ನು ಬಿಟ್ಟು ತಮ್ಮ ಬುದ್ಧಿ ಓಡಿಸುತ್ತಾರೆ, ಇನ್ನು ಮುಂದೆ ಯಾವುದನ್ನೂ ಅವರು ತೀರ್ಮಾನಿಸುವುದು ಬೇಡ, ಬರೀ ಟೈಪು ಮಾಡಲಿ ಎಂದು ಮಾತು ನಡೆದಿದೆ. ಟೈಪು ಮಾಡಲು ನಲವತ್ತು ಜನ ಬೇಕಿಲ್ಲ.

ಚೊಕ್ಕಲಿಂಗಂ ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಕ್ಷಮೆ ಕೇಳಿಬಿಡೋಣ, ಕೈಪಿಡಿ ಸರಿಯಾಗಿ ಓದಿರಲಿಲ್ಲ, ಇನ್ನು ಅಕ್ಷರಕ್ಷರ ಪಾಲಿಸುತ್ತೇವೆ ಎಂದು ಬರೆದುಕೊಟ್ಟರೆ ಮುಗಿಯಿತು ಎಂದರು. ಸಹಿ ಮಾಡಲು ಕಾಗದವನ್ನೂ ತಂದಿಟ್ಟರು. ನಾನು ಮಾಡಲಿಲ್ಲ. ಓದದೆ ಇದ್ದರೆ ತಪ್ಪೇ ಕಾಣುತ್ತಿರಲಿಲ್ಲ ಎಂದೆ.

ಬೀರುವಿನಿಂದ ನಿಮ್ಮ ಕಾಗದ ತೆಗೆದೆ. ಅದರಲ್ಲಿದ್ದ ಹಾಗೆಯೇ ಬರೆದೆ. ಇಂಥ ಪುಟ, ಇಂಥ ಸಾಲು, ಅದರ ಬದಲು ಹೀಗೆ ಓದಿಕೊಳ್ಳುವುದು: ಈರುಳ್ಳಿ, ಬೆಳ್ಳುಳ್ಳಿಗೆ ಗ್ರಾಹಕ ಏನೂ ಬರೆಯದಿದ್ದರೂ ಗಾಳಿಕಿಂಡಿ ತೆರೆದಿರಬೇಕು. ಕಾರಣ ಬರೆದೆ. ಮಾರ್ಗರೆಟ್ ಅವರ ಹಳೆಯ ಕಾಗದಗಳ ಪ್ರತಿ ಲಗತ್ತಿಸಿದೆ. ಕೆಳಗೆ ಅರವಿಂದನ ಹೆಸರು, ನನ್ನ ಹೆಸರು, ತಾರೀಖು. ಮೇಲೆ ‘ತಿದ್ದುಪಡಿ ಚೀಟಿ, ಒಂದು’ ಎಂದು ಹಾಕಿ ಆಡಿಟ್‌ನವರಿಗೂ ಮಾರ್ಗರೆಟ್ ಅವರಿಗೂ ಕಳಿಸಿದೆ. ಪೊಂಗಲ್ ರಜೆ ಮುಗಿದ ಮೇಲೆ, ತಿಂಗಳ ಕೊನೆಗೆ, ಅವರೆಲ್ಲ ಫೋನಿನಲ್ಲಿ ಸಭೆ ಕರೆದಿದ್ದಾರೆ.

ಕೆಲಸ ಹೋಗಬಹುದು, ಅಪ್ಪ. ನನ್ನೊಬ್ಬಳದ್ದಾದರೆ ಇಷ್ಟು ಹೆದರಿಕೆ ಇರಲಿಲ್ಲ. ನಲವತ್ತು ಜನರ ಮುಖ ನೋಡಲಾಗುತ್ತಿಲ್ಲ. ಆದರೂ ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಚಟ್ನಿಪುಡಿ ಕಳಿಸಲಿ.

ಶ್ರೀವಿದ್ಯಾ

*

ಹುಬ್ಬಳ್ಳಿ
೧೮ ಜನವರಿ ೨೦೦೩

ಚಿ. ಶ್ರೀವಿದ್ಯಾಳಿಗೆ ಅನೇಕ ಆಶೀರ್ವಾದಗಳು.

ಕೆಲಸ ಉಳಿದರೂ ಹೋದರೂ ನೀನು ಸರಿಯಾಗಿ ಮಾಡಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಿನ್ನ ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಅವಳು ಹೇಳದಿದ್ದರೂ ಬರೆಯುತ್ತಿದ್ದೆ.

ನಿನ್ನೆ ಒಬ್ಬನೇ ಅಮರಗೋಳದ ಮಾರುಕಟ್ಟೆಗೆ ಹೋಗಿದ್ದೆ. ಉಳ್ಳಾಗಡ್ಡಿ, ಅದೇ ನಿನ್ನ ಈರುಳ್ಳಿ, ನೋಡಲಿಕ್ಕೆ. ಎಪ್ಪತ್ತರ ಹತ್ತಿರ ಬಂದವನು ಜನ್ಮದಲ್ಲಿ ಮೊದಲ ಸಲ ಅದರ ರಾಶಿಯ ಮುಂದೆ ನಿಂತೆ. ಎಲ್ಲ ಚೀಲವೂ ಬಲೆಯ ಹಾಗೆ ತೂತು ತೂತು. ಹಮಾಲನೊಬ್ಬನನ್ನು ಯಾಕಪ್ಪಾ ಹೀಗೆ ಎಂದು ಕೇಳಿದೆ. “ಉಸರಾಡಬೇಕಲ್ರೀ ಯಜಮಾನ್ರ” ಅಂದ. ನನಗೆ ನಿನ್ನ ಚೀಟಿಯನ್ನೇ ಓದಿದ ಹಾಗಾಯಿತು. ಅವನ ಕೈ ಕುಲುಕಿ ಬಂದೆ, ಪಾಪ, ಅವನಿಗೆ ಯಾಕೆಂದು ತಿಳಿಯಲಿಲ್ಲ.

ಅಲ್ಲೇ ಒಂದು ಗಾಡಿಯಲ್ಲಿ ಅದರದೇ ಭಜಿ ಕರಿಯುತ್ತಿದ್ದರು. ವಿಷಯ ಪೂರ್ತಿ ತಿಳಿದುಕೊಳ್ಳಬೇಕೆಂದು ಒಂದು ಪ್ಲೇಟು ತಿಂದೆ. ಇದನ್ನು ವಾಸಂತಿಗೆ ಹೇಳಬೇಡ.

ಸಭೆಯಲ್ಲಿ ನಿಧಾನವಾಗಿ ಮಾತಾಡು. ಪುಟದ ಸಂಖ್ಯೆ ಮೊದಲು ಹೇಳು, ಕಾರಣ ಆಮೇಲೆ.

ಪಂಢರಿನಾಥ

*

ಚೆನ್ನೈ
೨ ಮಾರ್ಚ್ ೨೦೦೩

ಅಪ್ಪನವರಿಗೆ ನಮಸ್ಕಾರ.

ಮೊದಲು ಕೆಟ್ಟ ಸುದ್ದಿ. ನಿಮ್ಮ ಕಾಗದ ಬಂದಾಗ ನಾನು ಆಫೀಸಿನಲ್ಲಿದ್ದೆ. ಅತ್ತೆ ಒಡೆದು ಓದಿದರು. “ಭಜಿ ತಿಂದನಂತ, ಭಜಿ. ಈ ಸಲ ಅವನು ಇಲ್ಲಿಗೆ ಬಂದ್ರ ವಾಸಲ್ ಬಾಗಿಲದಾಗ ನಿಲ್ಲಿಸಿ ಪಂಚಗವ್ಯ ಕುಡಿಸೇ ಒಳಗ ಬಿಡ್ತೀನಿ” ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನೀವುಂಟು, ನಿಮ್ಮ ತಂಗಿಯುಂಟು.

ಇನ್ನು ಒಳ್ಳೆಯದು. ಇಷ್ಟು ತಡವಾಗಿ ಬರೆಯುತ್ತಿರುವುದು ಎಲ್ಲ ಮುಗಿಯಲಿ ಎಂದು.

ಸಭೆಯ ದಿನ ನಾವು ಆರು ಜನ ಫೋನಿನ ಸುತ್ತ ಕುಳಿತಿದ್ದೆವು. ಚೊಕ್ಕಲಿಂಗಂ ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಆಡಿಟ್‌ನವನು ತಪ್ಪುಗಳ ಪಟ್ಟಿ ಓದುತ್ತಲೇ ಹೋದ. ನನ್ನ ಸರದಿ ಬಂದಾಗ ನೀವು ಹೇಳಿದ ಹಾಗೆ ಪುಟದ ಸಂಖ್ಯೆ ಮೊದಲು ಹೇಳಿದೆ, ಆಮೇಲೆ ಕಾರಣ. ಹೇಳದೆ ಇದ್ದದ್ದು ನಮ್ಮ ತಪ್ಪು, ಆದರೆ ಬರೆದದ್ದು ಸರಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೆ.

ಆಗ ಮಾರ್ಗರೆಟ್ ಅವರ ದನಿ ಬಂತು. “ಇಪ್ಪತ್ತೆರಡು ವರ್ಷ ಕಿಂಡಿ ತೆರೆದೇ ಇಟ್ಟಿದ್ದೇನೆ,” ಎಂದರು. “ಹಾಗೆ ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.”

ಆಮೇಲೆ ಆಡಿಟ್‌ನವನಿಗೆ, “ಚೆನ್ನೈನವರು ನನ್ನ ಪುಸ್ತಕ ಬಿಟ್ಟು ನನ್ನ ಕೆಲಸವನ್ನು ಕಲಿತಿದ್ದಾರೆ, ಆ ಪಟ್ಟಿಯನ್ನು ಹರಿದುಹಾಕಿ” ಎಂದರು. ನನ್ನ ಕಡೆ ತಿರುಗಿದ ಹಾಗೆ, “ನಾನು ಬರೆಯದೆ ಬಿಟ್ಟದ್ದು ಇನ್ನೇನೇನು ನಿಮಗೆ ಸಿಕ್ಕಿದೆ?” ಎಂದು ಕೇಳಿದರು. ಆ ದನಿಯಲ್ಲಿ ಬೇಸರವಿರಲಿಲ್ಲ. ಅವರಿಗೆ ನೋವಾಗುತ್ತದೆ ಎಂದು ನಾವು ಬಾಯಿ ಮುಚ್ಚಿದ್ದು ಎಂಥ ದಡ್ಡತನವೆಂದು ಆಗ ಅರ್ಥವಾಯಿತು.

ಸಿಕ್ಕಿದ್ದವು, ಅಪ್ಪ. ಬೇಕಾದಷ್ಟು ಇದ್ದವು. ಬಾಳೆಕಾಯಿಯ ಬಗ್ಗೆ, ಹಬ್ಬದ ಮುಂಚೆ ಕೆಲವು ಬಂದರುಗಳಲ್ಲಿ ಬದಲಾಗುವ ಕ್ರಮದ ಬಗ್ಗೆ, ಒಬ್ಬೊಬ್ಬರೂ ಒಂದೊಂದು ಚಿಟಿಕೆ ಉಪ್ಪನ್ನು ಗುಟ್ಟಾಗಿ ಹಾಕುತ್ತಿದ್ದರು. ಫೆಬ್ರವರಿ ಪೂರ್ತಿ ಕುಳಿತು ಎಲ್ಲವನ್ನೂ ಚೀಟಿ ಮಾಡಿದೆವು. ಸುಮತಿ ಮೂರು ಬರೆದಳು, ಮೂರೂ ಪಾಸಾದವು. ಕುಂಕುಮದ ಪುಸ್ತಕಕ್ಕೆ ಮೊದಲ ಚೀಟಿ ಅಂಟಿಸಲು ಯಾರೂ ಮುಂದೆ ಬರದಿದ್ದಾಗ ಚೊಕ್ಕಲಿಂಗಂ ಅವರೇ ಚಪ್ಪಲಿ ಬಿಟ್ಟು ಬಂದು ಅಂಟಿಸಿದರು.

ತೀರ್ಮಾನಿಸುವ ಕೆಲಸ ಇನ್ನು ಚೆನ್ನೈನಲ್ಲೇ ಇರುತ್ತದೆ, ಕಾಗದ ಬಂದಿದೆ. ಏಪ್ರಿಲ್‌ನಲ್ಲಿ ಲಿವರ್‌ಪೂಲಿನಿಂದ ನಾಲ್ವರು ಹೊಸಬರು ಇಲ್ಲಿಗೆ ಬರುತ್ತಾರೆ. ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ. ಪಾಠ ಮಾಡುವವಳು ನಾನು.

ಮಾರ್ಗರೆಟ್ ಅವರನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರಂತೆ. ಅಲ್ಲಿ ಏನು ಕೆಲಸವೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಕೈಪಿಡಿಯಲ್ಲಿ ಅವರ ಹೆಸರು ಮೊದಲ ಪುಟದಲ್ಲೇ ಇರಬೇಕೆಂದು ಹಟ ಮಾಡಿ ಹಾಕಿಸಿದೆ.

ಒಂದನೆಯ ಚೀಟಿಯ ಅಚ್ಚಾದ ಪ್ರತಿ ಇದರೊಳಗಿದೆ. ಇಂಗ್ಲಿಷಿನಲ್ಲಿದೆ, ಕ್ಷಮಿಸಿ.

ನಿಮ್ಮ ಮಗಳು,
ಶ್ರೀವಿದ್ಯಾ

*

ಹುಬ್ಬಳ್ಳಿ
೯ ಮಾರ್ಚ್ ೨೦೦೩

ಚಿ. ಶ್ರೀವಿದ್ಯಾಳಿಗೆ,

ಚೀಟಿ ತಲುಪಿತು. ಎರಡು ಸಲ ಓದಿದೆ. ಆಮೇಲೆ ನಿನ್ನ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅಂತೂ ನಮ್ಮ ಮನೆಗೆ ಹೆಸರು ಉಳ್ಳಾಗಡ್ಡಿಯಿಂದ ಬಂತಲ್ಲ ಎಂದಳು.

ಅಕ್ಟೋಬರಿನಲ್ಲಿ ನಿನಗೊಂದು ಪ್ರಶ್ನೆ ಕೇಳಿದ್ದೆ. ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಉತ್ತರ ಬಂದಿದೆ. ನಾನು ಜೀವಮಾನವೆಲ್ಲ ಅಂಟಿಸಿದ ಚೀಟಿಗಳು ಮೇಲಿನಿಂದ ಬಂದವು. ಒಂದೂ ನಾನು ಬರೆದದ್ದಲ್ಲ. ಬರೆಯಬಹುದಿತ್ತೆಂದು ಒಮ್ಮೆಯೂ ಹೊಳೆಯಲಿಲ್ಲ. ನನಗೆ ಬಹಳ ಹೆಮ್ಮೆಯಾಗಿದೆ ಮಗಳೇ. ಇದನ್ನು ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಕಾಗದ.

ಇವತ್ತು ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ದಪ್ಪ ಹೊಟ್ಟೆಯ ಪುಸ್ತಕ ತೆಗೆಸಿದೆ. ಕೊನೆಯ ಖಾಲಿ ಹಾಳೆಯಲ್ಲಿ ನಿನ್ನ ಚೀಟಿಯನ್ನು ಸುಕ್ಕಿಲ್ಲದ ಹಾಗೆ ಅಂಟಿಸಿದೆ. ಮೊದಲ ಪುಟಕ್ಕೆ ಹೋಗಿ ತಾರೀಖು ಹಾಕಿ ಸಹಿ ಮಾಡಿದೆ. ರಿಟೈರ್ ಆದ ಮೇಲೆ ಆ ಪುಟದಲ್ಲಿ ಇದು ಮೊದಲ ಸಹಿ. ರೂಢಿ ತಪ್ಪಿ ಸ್ವಲ್ಪ ಸೊಟ್ಟಗಾಗಿದೆ.

ಎರಡನೆಯದನ್ನೂ ಕಳಿಸು. ಗೋಂದು ಇನ್ನೂ ಉಳಿದಿದೆ.

ನಿನ್ನ ಅಪ್ಪ,
ಪಂಢರಿನಾಥ